ಅಂಪೈರ್ ಇಲ್ಲದ ಆಟ

ಈ ಬೇಸಿಗೆಯಲ್ಲಿ ಮುಂಬಯಿಯ ಚೆಂಬೂರಿನ ಒಬ್ಬ ಹೋಟೆಲ್ ಮಾಲೀಕರು ಗಾಲ್ಫ್ ಕಲಿಯಲು ಬಂದರು. ನಮ್ಮ ಊರ ಕಡೆಯವರೇ. ಬ್ಯಾಗಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. "ಮಾಸ್ಟ್ರೇ, ಹೊಡೆಯುವ ಮೊದಲು ಯಾವ ದೇವರನ್ನು ನೆನೆಯಬೇಕು?" ಎಂದು ಕೇಳಿದರು. ನಗು ಬಂತು, ನಗಲಿಲ್ಲ. ಫೀಸು ಕೊಡುವವರು, ಅಲ್ವಾ! ಅದೇ ಮನುಷ್ಯ ಏಳನೇ ಹೋಲಿನಲ್ಲಿ ಉದ್ದ ಹುಲ್ಲಿಗೆ ಬಿದ್ದ ಚೆಂಡನ್ನು ಬೂಟಿನ ತುದಿಯಿಂದ ಮೆಲ್ಲಗೆ ಹೊರಗೆ ತಳ್ಳಿ, ಎಂಟು ಹೊಡೆತ ಹೊಡೆದು, ಕಾರ್ಡಿನಲ್ಲಿ ಆರು ಬರೆದರು. ಚೆಂಡು ಕುಳಿಗೆ ಬೀಳಲು ಹೊಡೆತ ಕಡಿಮೆಯಾದಷ್ಟು ಒಳ್ಳೆಯದು, ಲೆಕ್ಕ ಬರೆಯುವುದು ಮಾತ್ರ ಆಟಗಾರರೇ.

ಬೈಯುವ ಮುಖ ನನಗಿರಲಿಲ್ಲ. 1971ರಲ್ಲಿ ಉಡುಪಿ ಕಡೆಯಿಂದ ಬಂದು ಮಾವನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ. ರಾತ್ರಿ ಕನ್ನಡ ನೈಟ್ ಸ್ಕೂಲು, ಭಾನುವಾರ ಬೆಳಿಗ್ಗೆ ಕ್ಯಾಡಿ ಕೆಲಸ, ಅಂದರೆ ಗಾಲ್ಫ್ ಆಡುವವರ ಬ್ಯಾಗು ಹೊರುವುದು. ನಾವು ಹುಡುಗರು ಬರಿಗಾಲಲ್ಲೇ ಇರುತ್ತಿದ್ದೆವು. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಚೆಂಡು ಸಿಕ್ಕಿಸಿಕೊಂಡು, ಬಗ್ಗದೆ, ಸುಮ್ನೆ ನಡೆಯುತ್ತಾ ಹೋದ ಹಾಗೆ ನಾಲ್ಕು ಹೆಜ್ಜೆ ಆಚೆ ಒಳ್ಳೆಯ ಜಾಗದಲ್ಲಿ ಬಿಡುವುದಿದೆಯಲ್ಲ, ಅದೊಂದು ದೊಡ್ಡ ವಿದ್ಯೆ. ಸಾಹೇಬರು ಗೆದ್ದರೆ ಬಕ್ಷೀಸು ಜಾಸ್ತಿ. ಒಂದು ದಿನ ಒಬ್ಬ ವಯಸ್ಸಾದ ಸಾಹೇಬರು ನೋಡಿಬಿಟ್ಟರು. ಏನೂ ಅನ್ನಲಿಲ್ಲ. ಚೆಂಡನ್ನು ನನ್ನ ಕೈಯಲ್ಲೇ ಮೊದಲಿನ ಜಾಗದಲ್ಲಿ ಇಡಿಸಿ, ತಮ್ಮ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಿಕೊಂಡರು. ಕ್ಯಾಡಿ ಮಾಡಿದ ತಪ್ಪಿಗೆ ಆಟಗಾರನಿಗೇ ದಂಡ, ನಿಯಮ ಹಾಗೇ ಇದೆ. ಸಂಜೆ ಬಕ್ಷೀಸು ಎಂದಿನಷ್ಟೇ ಕೊಟ್ಟರು. ಎರಡು ರೂಪಾಯಿ. ಖರ್ಚು ಮಾಡಲು ಮನಸ್ಸಾಗದೆ ದೇವಸ್ಥಾನದ ಹುಂಡಿಗೆ ಹಾಕಿದೆ. ಅದು ಭಕ್ತಿ ಅಂತ ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಲಂಚ.

ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಕಥೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1925ರ ಯುಎಸ್ ಓಪನ್. ಹೊಡೆಯಲು ನಿಂತಾಗ ಹುಲ್ಲಿನಲ್ಲಿ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರೂ ನೋಡಲಿಲ್ಲ. ಜೋನ್ಸ್ ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮವಾಯಿತು, ಗೆದ್ದವರು ಯಾರೆಂದು ತೀರ್ಮಾನಿಸಲು ಮತ್ತೆ ಆಡಿಸುವ ಪ್ಲೇಆಫ್‌ನಲ್ಲಿ ಒಂದೇ ಹೊಡೆತದಿಂದ ಸೋತ. ದಂಡ ಇಲ್ಲದಿದ್ದರೆ ಪ್ಲೇಆಫೇ ಬೇಕಿರಲಿಲ್ಲ!

ನಮ್ಮ ಊರಲ್ಲಿ ದೈವದ ಎದುರು ಸುಳ್ಳು ಪ್ರಮಾಣ ಮಾಡಲು ಎಂಥ ಪುಂಡನೂ ಹೆದರುತ್ತಾನೆ. ಆದರೆ ಅಲ್ಲಿ ಇಡೀ ಊರೇ ನೋಡುತ್ತಾ ನಿಂತಿರುತ್ತದೆ, ದೀಪ ಇರುತ್ತದೆ, ಚೆಂಡೆ ಇರುತ್ತದೆ. ಇಲ್ಲಿ ಪೊದೆಯ ಹಿಂದೆ ನೀವು ಮತ್ತು ನಿಮ್ಮ ಚೆಂಡು, ಅಷ್ಟೇ. ಶ್ರಾವಣದಲ್ಲಿ ಮೀನು ಮುಟ್ಟದವರು, ಸೋಮವಾರ ಉಪವಾಸ ಇರುವವರು ಕೂಡ ಆ ಪೊದೆಯ ಹಿಂದೆ ಏನು ಮಾಡುತ್ತಾರೆ ಅಂತ ಇಷ್ಟು ವರ್ಷ ನೋಡಿದ್ದೇನೆ. ದೇವಸ್ಥಾನಕ್ಕೆ ಕಾಲಿಡದ ಒಬ್ಬರು ಕಾರ್ಡಿನಲ್ಲಿ ಹನ್ನೊಂದು ಅಂತ ಬರೆದು, ಕೆಳಗೆ ಗೆರೆ ಎಳೆದದ್ದನ್ನೂ ನೋಡಿದ್ದೇನೆ. ಯಾರನ್ನು ಆಸ್ತಿಕ ಅನ್ನಬೇಕು, ನೀವೇ ಹೇಳಿ.

ಹೋಟೆಲಿನವರಿಗೆ ನಾನು ಹೇಳಿದ್ದು ಇಷ್ಟೇ: "ಮೊದಲು ಕೈ ಹಿಡಿತ ಸಡಿಲ ಮಾಡಿ, ಬಿಗಿ ಹಿಡಿಯುವುದಕ್ಕೇ ನಿಮ್ಮ ಚೆಂಡು ಬಲಕ್ಕೆ ತಿರುಗುವುದು. ದೇವರನ್ನು ಕಾರ್ಡ್ ಬರೆಯುವಾಗ ನೆನೆದರೆ ಸಾಕು." ಅವರ ಮುಖ ಕೆಂಪಾಯಿತು. ಎರಡು ವಾರ ಬರಲಿಲ್ಲ. ಫೀಸು ಹೋಯಿತು ಅಂದುಕೊಂಡೆ.

ಹೋದ ಭಾನುವಾರ ಬಂದರು. ಆಟ ಮುಗಿಸಿ ಕಾರ್ಡ್ ನನ್ನ ಕೈಗೆ ಕೊಟ್ಟರು. 131 ಹೊಡೆತ. ನಿಂಬೆಹಣ್ಣು ಇನ್ನೂ ಬ್ಯಾಗಿನಲ್ಲಿ ತೂಗುತ್ತಿತ್ತು, ಹೊಸದು.