ಮೀನಿಗಿಂತ ಮೊದಲು ಟೋಪಿ

ಕಾವೇರಿ ದಡದಲ್ಲಿ ಗಾಳ ಹಾಕುವವರು ದಿನವಿಡೀ ಏನೇನು ಹಿಡಿಯುತ್ತಾರೆಂದು ಲೆಕ್ಕ ಹಾಕಿದರೆ ಮೊದಲ ಸ್ಥಾನ ಹೊಳೆಮತ್ತಿಯ ಕೊಂಬೆಗೆ, ಎರಡನೆಯದು ಬಂಡೆಯ ಸಂದಿಗೆ, ಮೂರನೆಯದು ಪಕ್ಕದವರ ಟೋಪಿಗೆ. ಮೀನಿನ ಹೆಸರು ಬರುವುದು ಸಮಾಧಾನಕರ ಬಹುಮಾನದ ಸಾಲಿನಲ್ಲಿ. ಕೊಡಗಿನ ವಾಲ್ನೂರಿನಂಥ ಕಡೆ, ಕೊಡಗು ವನ್ಯಜೀವಿ ಸಂಘದವರ ಪರವಾನಗಿ ಪಡೆದು ನಾಲ್ಕಾರು ಜನ ಒಂದೇ ಮಡುವಿನ ಸುತ್ತ ನಿಲ್ಲುವಲ್ಲಿ ಈ ಟೋಪಿಯ ಪ್ರಶ್ನೆ ಬಹಳ ದೊಡ್ಡದು.

ಲೆಕ್ಕ ಸರಳ. ಕೋಲು 10 ಅಡಿ, ಅದರ ತುದಿಯಿಂದ ನೇತಾಡುವ ದಾರ 3 ಅಡಿ, ಚಾಚಿದ ಕೈ 2 ಅಡಿ. ಬೀಸಿದಾಗ ನಿಮ್ಮ ಸುತ್ತ 15 ಅಡಿ ದೂರದವರೆಗೂ ಗಾಳ ಸುತ್ತಿ ಬರುತ್ತದೆ. ಅದರೊಳಗೆ ನಿಂತು "ಸಾರ್, ಇವತ್ತು ಏನಾದ್ರೂ ಬಿತ್ತಾ?" ಎಂದು ಕೇಳುವವರಿಗೆ ಉತ್ತರ ಬಾಯಲ್ಲಿ ಬರುವುದಿಲ್ಲ, ಕಿವಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ಹಿಂದೆ ತಿರುಗಿ ನೋಡಿಯೇ ಬೀಸಬೇಕು. ಒಂದು ನಿಮಿಷದ ಹಿಂದೆ ನೋಡಿದ್ದೆ ಎಂಬುದು ನಡೆಯದು, ಅಷ್ಟರಲ್ಲಿ ಯಾರೋ ಚಹಾ ಹಿಡಿದು ಬಂದಿರುತ್ತಾರೆ.

ಬೀಸಿದ್ದು ಹೊಳೆಗೇ ಬಿತ್ತು ಎನ್ನಿ. ಎರೆ ರಾಗಿ ಉಂಡೆ. ಮನೆಯಲ್ಲಿ ಸಾರಿಗೆ ಅದ್ದಿಕೊಳ್ಳುವ ಮುದ್ದೆಯನ್ನೇ ಸಿಕ್ಕಿಸಿದರೆ ಬೀಸಿದ ರಭಸಕ್ಕೆ ಅದು ಗಾಳ ಬಿಟ್ಟು ಹಾರಿ ಎದುರು ದಡದವರ ಬೆನ್ನಿಗೆ ಅಂಟುತ್ತದೆ. ಗಾಳದ ಮುದ್ದೆಗೆ ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಲ್ಲಿ ಬೇಯಿಸಿ, ಆಮೇಲೆ ರಬ್ಬರಿನಂತಾಗುವವರೆಗೆ ಮತ್ತೆ ನಾದಬೇಕು. ಗಾತ್ರ ನಿಂಬೆಹಣ್ಣಿನಷ್ಟು. ಗಾಳದ ಮೊನೆ ಮಾತ್ರ ಹೊರಗೆ ಕಾಣುತ್ತಿರಬೇಕು. ಮೊನೆ ಹೂತುಹೋದರೆ ಮೀನು ಉಂಡು ಹೋಗುತ್ತದೆ, ನಿಮಗೆ ಬಾಡಿಗೆ ಸಿಗದ ಛತ್ರದ ಯಜಮಾನನ ಗತಿ.

ನಿಜವಾದ ಅಪಾಯ ಬಂಡೆಗೆ ಸಿಕ್ಕಿದ ಗಾಳದಲ್ಲಿದೆ. ಸಿಟ್ಟಿಗೆದ್ದವರು ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಜಗ್ಗುತ್ತಾರೆ. ನೈಲಾನ್ ದಾರ ಹಿಗ್ಗುತ್ತದೆ, ಹಿಗ್ಗುತ್ತದೆ, ಆಮೇಲೆ ಗಾಳ ಕಿತ್ತು ಬಂದು 50 ಗ್ರಾಮಿನ ಸೀಸ ಕವಣೆ ಕಲ್ಲಿನಂತೆ ನೇರ ಮುಖಕ್ಕೆ. ಕೋಲನ್ನು ಸಿಕ್ಕಿದ ಜಾಗದ ಕಡೆಗೇ ನೆಟ್ಟಗೆ ಹಿಡಿದು ದಾರವನ್ನು ಒಂದು ಕಟ್ಟಿಗೆ ತುಂಡಿಗೆ ಎರಡು ಸುತ್ತು ಸುತ್ತಿ, ಮುಖ ತಿರುಗಿಸಿ ಹಿಂದಕ್ಕೆ ನಡೆಯಬೇಕು. ಕೈಗೆ ಸುತ್ತಿಕೊಂಡರೆ ದಾರ ಬೆರಳನ್ನು ಕೊಯ್ಯುತ್ತದೆ. ಕಣ್ಣಿಗೆ ಕನ್ನಡಕ, ಅದು ತಂಪು ಕನ್ನಡಕವಾದರೂ ಸರಿ, ಇದ್ದೇ ಇರಬೇಕು.

ಯಾರಿಗಾದರೂ ಮೀನು ಬಿದ್ದರೆ ಉಳಿದವರು ತಮ್ಮ ದಾರ ಸುತ್ತಿಕೊಳ್ಳಬೇಕೆಂಬುದು ದಡದ ಶಿಷ್ಟಾಚಾರ. "ನಂದು ಈಗಷ್ಟೇ ಹಾಕಿದ್ದು" ಎಂದು ಬಿಟ್ಟುಕೊಂಡವರ ದಾರಕ್ಕೇ ಮೀನು ಮೂರು ಸುತ್ತು ಹಾಕುವುದು. ಸಿಕ್ಕಾದರೆ ಮೀನಿಲ್ಲದವರ ದಾರ ಕತ್ತರಿಸುವುದು, ಮೀನಿದ್ದವರದಲ್ಲ. ರೀಲಿನ ಬಿಗಿಯನ್ನೂ ಮೊದಲೇ ತಕ್ಕಡಿ ಕೊಕ್ಕೆಯಿಂದ ಎಳೆದು ಸರಿಮಾಡಿಟ್ಟರೆ ಒಳ್ಳೆಯದು: 10 ಕಿಲೋ ತಾಳುವ ದಾರಕ್ಕೆ ಎರಡೂವರೆ, ಮೂರು ಕಿಲೋ ಎಳೆತಕ್ಕೇ ರೀಲು ದಾರ ಬಿಟ್ಟುಕೊಡಬೇಕು.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ ಎಂದರೆ ಹೊಸಬರು ಮೀನು ತಪ್ಪಿಸಿಕೊಳ್ಳುತ್ತದೆಂದು ಅಳುತ್ತಾರೆ. ಅದೇ ಗಾಳ ಅವರ ಹೆಬ್ಬೆರಳಿಗೆ ಹೊಕ್ಕಾಗ ಅಭಿಪ್ರಾಯ ಬದಲಾಗುತ್ತದೆ. ಮುಳ್ಳಿಲ್ಲದ್ದು ಬಂದ ದಾರಿಯಲ್ಲೇ ಹೊರಬರುತ್ತದೆ. ಮುಳ್ಳಿದ್ದರೆ ಮೊದಲು ದಾರ ಕತ್ತರಿಸಿ, ಗಾಳದ ಬಾಗಿದ ಭಾಗಕ್ಕೆ ಗಟ್ಟಿ ದಾರದ ಕುಣಿಕೆ ಹಾಕಿ, ಗಾಳಕ್ಕೆ ದಾರ ಕಟ್ಟುವ ಕಣ್ಣಿನ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದು ಒಂದೇ ಸಲಕ್ಕೆ ಜಗ್ಗಬೇಕು. ಜಗ್ಗುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು, ಬಿಡುಗಡೆಯಾದ ಗಾಳ ಅಲ್ಲಿಗೇ ಹಾರುತ್ತದೆ. ಕಣ್ಣು, ಮುಖ, ಕುತ್ತಿಗೆಗೆ ಸಿಕ್ಕಿದ್ದನ್ನು ಮುಟ್ಟದೆ ಆಸ್ಪತ್ರೆಗೆ ಒಯ್ಯಬೇಕು. ಟಿಟಿ ಇಂಜೆಕ್ಷನ್ ಬಗ್ಗೆ ಬೆರಳಿನದಾದರೂ ವೈದ್ಯರನ್ನು ಕೇಳಲೇಬೇಕು. ಟೋಪಿಗೆ ಸಿಕ್ಕಿದ್ದಾದರೆ, ದಯವಿಟ್ಟು ಟೋಪಿಯನ್ನು ತಲೆಯಿಂದ ತೆಗೆದ ಮೇಲೆ ಬಿಡಿಸಿ.

1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಸಿಕ್ಕಿತ್ತು. ದಡದಲ್ಲಿ ಸಿಕ್ಕವರೆಲ್ಲ ಅದನ್ನೇ ಹೇಳುತ್ತಾರೆ, ಹಿಡಿದದ್ದು ತಮ್ಮ ಚಿಕ್ಕಪ್ಪನೇ ಎಂಬ ಧಾಟಿಯಲ್ಲಿ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಈಗ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) 2018ರ ಪಟ್ಟಿಯಂತೆ, ತೀವ್ರ ಅಳಿವಿನಂಚಿನಲ್ಲಿದೆ. ಆದ್ದರಿಂದ ಹಿಡಿದದ್ದನ್ನು ಬಿಡಲೇಬೇಕು. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈಗೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮರಳ ಮೇಲೆ ಹೊರಳಾಡಿಸಬೇಡಿ. ಫೋಟೋಗೆ ಎತ್ತಿದಾಗ ನಿಮ್ಮ ಉಸಿರೂ ಬಿಗಿಹಿಡಿಯಿರಿ. ನಿಮಗೆ ಉಸಿರುಗಟ್ಟುವ ಮುಂಚೆಯೇ ಮೀನು ನೀರಲ್ಲಿರಬೇಕು. "ಇನ್ನೊಂದು ಕ್ಲಿಕ್, ನನ್ನ ಕಣ್ಣು ಮುಚ್ಚಿತ್ತು" ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ, ತಾನಾಗಿ ಬಾಲ ಬೀಸುವವರೆಗೆ ಆಸರೆ ಕೊಡಿ.

ನೀರಿನ ಮೇಲೆ ಒಂದು ಕಣ್ಣಿರಬೇಕು. ಇಲ್ಲಿ ಸುಡು ಬಿಸಿಲು, ಅಲ್ಲಿ ಭಾಗಮಂಡಲದ ಬೆಟ್ಟದಲ್ಲಿ ಮಳೆ. ನೀರಿನಂಚಿಗೆ ಕಡ್ಡಿ ನೆಟ್ಟು ನೋಡುತ್ತಿರಿ. ಕಡ್ಡಿ ಮುಳುಗುತ್ತಿದ್ದರೆ, ತರಗೆಲೆ, ನೊರೆ ತೇಲಿ ಬಂದು ಬಣ್ಣ ಕೆಂಪಗಾದರೆ ಹೊಳೆಯ ನಡುವಿನ ಬಂಡೆಯಿಂದ ಕೂಡಲೇ ಇಳಿಯಬೇಕು. ಹರಿಗೋಲಿನಲ್ಲಿ ಮೀನು ಬಿತ್ತೆಂದು ಎದ್ದು ನಿಲ್ಲಬಾರದು, ಎಲ್ಲರೂ ನೋಡಲು ಒಂದೇ ಬದಿಗೆ ವಾಲಲೂಬಾರದು. ಸಿಡಿಲಿನ ಸದ್ದು ಕೇಳಿದರೆ ಕಾರ್ಬನ್ ಕೋಲು ಕೆಳಗಿಡಿ. ಅದು ವಿದ್ಯುತ್ ಹರಿಸುತ್ತದೆ, ಕರೆಂಟ್ ತಂತಿಯ ಕೆಳಗೂ ಅದನ್ನು ಎತ್ತಿ ಹಿಡಿದು ನಡೆಯಬೇಡಿ.

ಸಂಜೆ ಹೊರಡುವಾಗ ಕತ್ತರಿಸಿದ ದಾರದ ತುಂಡುಗಳನ್ನೆಲ್ಲ ಡಬ್ಬಿಗೆ ತುಂಬಿಕೊಳ್ಳಿ, ನೀರುಕಾಗೆಯ ಕಾಲಿಗೆ ಅದೇ ಉರುಳು. ಉಳಿದ ಮುದ್ದೆಯನ್ನೂ ದಡದಲ್ಲಿ ಬಿಡಬೇಡಿ. ದುಬಾರೆ ಶಿಬಿರದಲ್ಲಿ ಆನೆಗಳಿಗೆ ರಾಗಿಮುದ್ದೆ ಉಣಿಸುವುದನ್ನು ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಕಾಡಾನೆ ನೀರಿಗಿಳಿದದ್ದು ಕಂಡರೆ ಕೋಲು, ಮುದ್ದೆ, ಬುತ್ತಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಸದ್ದಿಲ್ಲದೆ ಜಾಗ ಖಾಲಿ ಮಾಡಿ, ರೀಲು ಎಷ್ಟೇ ಹೊಸದಾಗಿರಲಿ.