ಕಾಲನ್ನು ಎತ್ತಬೇಕಾದವರು ಯಾರು?

ಜ್ಯೂರಿಕ್‌ನಲ್ಲಿ ನಮ್ಮ ಮೇಲಿನ ಮನೆಯ ಯಜಮಾನರಿಗೂ ದಾವಣಗೆರೆಯಲ್ಲಿರುವ ನಮ್ಮ ದೊಡ್ಡಪ್ಪನಿಗೂ ಒಂದೇ ವರ್ಷ ಲಕ್ವ ಹೊಡೆಯಿತು. ಇಬ್ಬರದೂ ಎಡಗಾಲು.

ಯಜಮಾನರನ್ನು ನೋಡಲು ಹೋದಾಗ ಅವರು ಲೋಕೋಮ್ಯಾಟ್‌ನಲ್ಲಿ ನಡೆಯುತ್ತಿದ್ದರು. ಇದೇ ಊರಿನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ರೂಪುಗೊಂಡ ರೋಬಾಟ್ ಅದು. ಮೈಭಾರವನ್ನು ಮೇಲಿನಿಂದ ಪಟ್ಟಿಗಳು ಹೊರುತ್ತವೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತದೆ, ಸೊಂಟ ಮತ್ತು ಮೊಣಕಾಲನ್ನು ಮೋಟಾರು ಮಡಿಸಿ ಚಾಚುತ್ತದೆ. ಇಂಥದ್ದು ನಮ್ಮೂರಿನಲ್ಲಿ ಇದ್ದಿದ್ದರೆ ಎಂದು ಹೊಟ್ಟೆ ಉರಿಯಿತು.

ಊರಿಗೆ ಹೋಗಿ ನೋಡಿದರೆ ಮೋಟಾರು ಅಲ್ಲೂ ಇತ್ತು, ದೊಡ್ಡಮ್ಮನ ರೂಪದಲ್ಲಿ! ದೊಡ್ಡಪ್ಪ ಅಲುಗಿದರೆ ಸಾಕು, ‘ನೀವು ಏಳಬೇಡಿ’ ಎಂದು ಮೂವರು ಓಡಿಬಂದು ಎತ್ತುತ್ತಿದ್ದರು. ಎರಡು ಹೊತ್ತು ಎಣ್ಣೆ ತಿಕ್ಕುವುದು, ಕಾಲು ನೀವುವುದು. ಕಾಲಿಗೆ ಮಾತ್ರ ಕೆಲಸವೇ ಇರಲಿಲ್ಲ.

ರೋಬಾಟನ್ನು ನಾನು ಹಳಿಯುತ್ತಿಲ್ಲ. ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ, ನಿಲ್ಲಲೂ ನಡೆಯಲೂ ಆಗದವರಿಗೆ ಫಿಸಿಯೋಥೆರಪಿಯ ಜೊತೆಗೆ ಅದು ನೆರವಾಗುತ್ತದೆ. ಆದರೆ ಕಾಲು ಸುಮ್ಮನೆ ಜೋತುಬಿದ್ದರೂ ಯಂತ್ರ ನಡೆಸಿಬಿಡುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 408 ಜನರಿದ್ದರು. ಕೆಲವರಿಗೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ನಡಿಗೆ (ಅಲ್ಲಿ ರೋಬಾಟ್ ಇರಲಿಲ್ಲ), ಕೆಲವರಿಗೆ ಮನೆಯಲ್ಲೇ ಫಿಸಿಯೋಥೆರಪಿಸ್ಟ್ ಮಾಡಿಸಿದ ಬಲ ಮತ್ತು ಸಮತೋಲನದ ವ್ಯಾಯಾಮ. ವರ್ಷ ಕಳೆದಾಗ ನಡಿಗೆಯಲ್ಲಿ ಎರಡೂ ಗುಂಪು ಸರಿಸಮ. ಬಲದ ವ್ಯಾಯಾಮದಿಂದ ಕಾಲು ಇನ್ನಷ್ಟು ಬಿಗಿಯುತ್ತದೆ ಎಂಬ ಹಳೆಯ ಭಯವೂ ನಿಂತಿಲ್ಲ.

ಹಾಗಾದರೆ ಜ್ಯೂರಿಕ್‌ನಿಂದ ಕಲಿಯಬೇಕಾದದ್ದು ಏನು? ಯಜಮಾನರು ಮನೆಗೆ ಬಂದ ಮೇಲೆ ಕಾಫಿಗೆ ಕರೆದಿದ್ದರು. ಕೋಣೆಯಿಂದ ಮೇಜಿನವರೆಗೆ ಬರಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ನಾನು ಕೈ ಕೊಡಲು ಎದ್ದೆ. ಅವರ ಹೆಂಡತಿ ಕಣ್ಣಲ್ಲೇ ಕೂರಿಸಿದರು. ಎಂಥ ಕಲ್ಲು ಮನಸ್ಸು ಎಂದುಕೊಂಡೆ. ಕಾಫಿ ಆರಿತು, ಅವರು ಬಂದು ತಲುಪಿದರು. ನಾವು ತರಿಸಿಕೊಳ್ಳಬೇಕಾದ ಸರಕು ಇದು. ಕೋಟಿ ಸುರಿದು ನಗರದಲ್ಲೊಂದು ಯಂತ್ರ ಕೂರಿಸುವ ಮೊದಲು ತಾಲ್ಲೂಕಿಗೆ ನಾಲ್ವರು ಫಿಸಿಯೋಥೆರಪಿಸ್ಟರನ್ನು ಕೊಡಲಿ.

ದೊಡ್ಡಪ್ಪನಿಗೆ ಈಗ ಒಬ್ಬ ಹುಡುಗಿ ವಾರಕ್ಕೆರಡು ಸಲ ಬರುತ್ತಾಳೆ. ಏಳಲು ಸುಲಭವಾಗಲಿ ಎಂದು ಕುರ್ಚಿಯ ಮೇಲೆ ಎರಡು ದಿಂಬು, ಬಲಗಾಲು ಮುಂದೆ, ಎಡಗಾಲು ಹಿಂದೆ. ಕೈ ಊರದೆ ಏಳಬೇಕು, ನಿಧಾನವಾಗಿ ಕೂರಬೇಕು. ಆಗ ಸೋತ ಕಾಲಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ದೊಡ್ಡಮ್ಮ ಆ ಹೊತ್ತಿಗೆ ಅಡುಗೆಮನೆ ಸೇರುತ್ತಾರೆ, ನೋಡಲಾಗದೆ. ಮೊನ್ನೆ ಫೋನಿನಲ್ಲಿ ದೊಡ್ಡಪ್ಪ ಹೇಳಿದರು: ‘ಒಂದು ದಿಂಬು ತೆಗೆಸಿದೆ ಕಣಪ್ಪ.’