ನೀರೊಳಗಿನ ರೋಬೋಟ್‌ಗೆ ಕ್ಯಾಮೆರಾಕ್ಕಿಂತ ಹಿಡಿತ ಮುಖ್ಯ

ನೀರೊಳಗಿನ ಡ್ರೋನ್ ಅಂದ ಕೂಡಲೇ ಎಲ್ಲರೂ ಕೇಳೋದು ಕ್ಯಾಮೆರಾ ಬಗ್ಗೆ. ಮಳೆಗಾಲದಲ್ಲಿ ನಮ್ಮ ಉಣಕಲ್ ಕೆರೆಯಲ್ಲೋ ತುಂಗಭದ್ರೆಯಲ್ಲೋ ಎಂಥ ಕ್ಯಾಮೆರಾ ಇಳಿಸಿದರೂ ಕಾಣೋದು ಬರೀ ರಾಡಿ. ಅದಕ್ಕೇ ನನಗೆ ದೊಡ್ಡದು ಅನ್ನಿಸಿದ್ದು ಅದರ ಕಂಟ್ರೋಲ್‌ನಲ್ಲಿ, ಅಂದರೆ ಇದ್ದಲ್ಲೇ ನಿಲ್ಲುವ ಹಿಡಿತದಲ್ಲಿ, ಆಗಿರುವ ಸುಧಾರಣೆ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಹುಡುಗರು ಕಟ್ಟಿದ್ದ ಒಂದು ಯಂತ್ರ ನೋಡಿದೆ. ಪಿವಿಸಿ ಪೈಪಿನ ಚೌಕಟ್ಟು, ಸಣ್ಣ ಮೋಟರ್‌ಗಳು, ಹಿಂದೆ ಉದ್ದನೆಯ ಕೇಬಲ್. ತೊಟ್ಟಿಯ ನೀರೊಳಗೆ ಒಂದೇ ಆಳದಲ್ಲಿ ನಿಂತಿದ್ದ ಅದನ್ನು ಒಬ್ಬ ಹುಡುಗಿ ಕೈಯಿಂದ ಕೆಳಕ್ಕೆ ಒತ್ತಿದಳು. ಕೈ ಬಿಟ್ಟದ್ದೇ ತಡ, ಮೋಟರ್ ಗುಂಯ್ ಅಂತು, ಮೊದಲಿದ್ದ ಆಳಕ್ಕೇ ಬಂದು ನಿಂತಿತು. ಜಾಯ್‌ಸ್ಟಿಕ್ ಯಾರೂ ಮುಟ್ಟಿರಲಿಲ್ಲ. "ತಾನ ಸರಿ ಮಾಡ್ಕೋತೈತ್ರಿ ಸರ್" ಅಂದಳು.

ಹತ್ತು ಮೀಟರ್ ಇಳಿದರೆ ನೀರಿನ ಒತ್ತಡ ಸುಮಾರು ನೆಲದ ಮೇಲಿನ ಗಾಳಿಯ ಒತ್ತಡದಷ್ಟು ಏರುತ್ತದೆ. ಸೆನ್ಸರ್ ಅದನ್ನು ಅಳೆದು ಆಳ ಹೇಳುತ್ತದೆ. ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಜೋರಾಗಿ ಸರಿಯುತ್ತಿದೆ, ಈ ಮೂರನ್ನೂ ಲೆಕ್ಕ ಹಾಕಿ ಮೋಟರ್ ತಿರುಗುತ್ತದೆ. ಪಿಐಡಿ ಅನ್ನುವ ಕಂಟ್ರೋಲ್ ವಿಧಾನ ಇದೇ. ಅಡ್ಡಡ್ಡ ಸರಿಯುವುದನ್ನು ತಡೆಯೋದು ಕಷ್ಟ, ಯಾಕಂದರೆ ನೀರೊಳಗೆ ಜಿಪಿಎಸ್ ಸಿಗಲ್ಲ. ಅದಕ್ಕೆ ಡಾಪ್ಲರ್ ಸೆನ್ಸರ್ ತಳಕ್ಕೆ ಶಬ್ದ ಕಳಿಸಿ, ಮರಳಿ ಬಂದ ಶಬ್ದದ ಬದಲಾವಣೆಯಿಂದ ವೇಗ ತಿಳಿಯುತ್ತದೆ. ಬೆಳಕು ಹಾಯದ ರಾಡಿಯಲ್ಲೂ ಶಬ್ದ ಹಾಯುತ್ತದೆ, ಅಲ್ವಾ? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಾಪ್ಲರ್ ಸೆನ್ಸರ್‌ಗಳೂ ಈಗ ಬಂದಿವೆ. ಇಂಥ ಯಂತ್ರ ನಡೆಸುವ ಆರ್ಡುಸಬ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ) 2010ರಲ್ಲೇ ರೋಸಬ್ 6000 ಅನ್ನುವ ನೀರೊಳಗಿನ ರೋಬೋಟ್ ಅನ್ನು ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಆಳಕ್ಕೆ ಇಳಿಸಿತ್ತು. ಅಷ್ಟೆಲ್ಲ ನಮಗೆ ಬೇಡ. ಹುಬ್ಬಳ್ಳಿ-ಧಾರವಾಡ ಕುಡಿಯೋದು ಮಲಪ್ರಭಾ ಜಲಾಶಯದ ನೀರು. ಇಂಥ ಜಲಾಶಯಗಳಲ್ಲಿ ಗೇಟಿನ ಬುಡ, ಪೈಪಿನ ಬಾಯಿ ನೋಡಬೇಕಂದರೆ ಮನುಷ್ಯನನ್ನೇ ಇಳಿಸಬೇಕಾ? ನೀರು ಒಳಕ್ಕೆ ಎಳೆಯುವ ಕಡೆ ಮುಳುಗುಗಾರನ ಜೀವಕ್ಕೇ ಅಪಾಯ. ಯಂತ್ರ ಸಿಕ್ಕಿಬಿದ್ದರೆ ಹೋಗೋದು ದುಡ್ಡು ಮಾತ್ರ.

ಎಲ್ಲ ಕಡೆ ಇದು ನಡೆಯಲ್ಲ, ನಿಜ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಸೆಳವು ನೆನಪಿಸಿಕೊಳ್ಳಿ. ಅಂಥ ಪ್ರವಾಹದಲ್ಲಿ ಪುಟ್ಟ ಯಂತ್ರ ನಿಲ್ಲಲ್ಲ, ಕೇಬಲ್ಲೇ ಅದನ್ನು ಎಳೆದೊಯ್ಯುತ್ತದೆ. ಕೇಬಲ್ ಬಿಡೋಣ ಅಂದರೆ ರೇಡಿಯೋ ಅಲೆ ನೀರೊಳಗೆ ದೂರ ಹೋಗಲ್ಲ, ಶಬ್ದದ ಅಲೆಯ ಮೂಲಕ ಒಳ್ಳೆ ವಿಡಿಯೋ ಬರಲ್ಲ.

ಹೀಗಾಗಿ ನಮ್ಮ ಕಾಲೇಜುಗಳ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಪ್ರಾಜೆಕ್ಟಿನ ಮಾರ್ಕ್ಸ್ ಸ್ವಿಮ್ಮಿಂಗ್ ಪೂಲ್‌ನ ತಿಳಿನೀರಲ್ಲಿ ಕೊಡಬೇಡಿ. ಹುಡುಗರನ್ನು ಆಗಸ್ಟ್ ತಿಂಗಳಲ್ಲಿ ಕೆರೆಗೆ ಕರೆದುಕೊಂಡು ಹೋಗಿ. ಕ್ಯಾಮೆರಾ ಬಂದ್ ಮಾಡಿಸಿ, ಯಂತ್ರ ಒಂದೇ ಕಡೆ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ ಮಾರ್ಕ್ಸ್ ಕೊಡಿ.